ಬಯೋಲಾಜಿಕ್ ಇಂಜೆಕ್ಷನ್ ಶುರುವಾದ ಮೇಲೆ ಸೈನಸ್ಸಿನ ಬ್ಯಾಕ್ಟೀರಿಯಾಗಳ ಗತಿಯೇನು?

ಡೊಂಬಿವಲಿ ಪೂರ್ವ:

ಎಲ್ಲರಿಗೂ ನಮಸ್ಕಾರ. ನನಗೀಗ 47 ವರ್ಷ. ಮೂಗಿನಲ್ಲಿ ದುರ್ಮಾಂಸ ಬೆಳೆಯುವ ಕಾಯಿಲೆ, ಅಂದರೆ ಡಾಕ್ಟರುಗಳು ಪಾಲಿಪ್ ಇರುವ ದೀರ್ಘಕಾಲದ ಸೈನಸೈಟಿಸ್ ಎಂದು ಕರೆಯುವ ಕಾಯಿಲೆ, ನನಗೆ ಹದಿನಾಲ್ಕು ವರ್ಷಗಳಿಂದ ಇದೆ. ಎರಡು ಸಲ ಎಂಡೋಸ್ಕೋಪಿ ಮೂಲಕ ಆಪರೇಷನ್ ಆಗಿದ್ದು, ಎರಡು ಸಲವೂ ಎರಡು ವರ್ಷ ತುಂಬುವ ಮೊದಲೇ ದುರ್ಮಾಂಸ ಮತ್ತೆ ಬೆಳೆದಿದೆ. ಪ್ರತಿ ಮಳೆಗಾಲದಲ್ಲಿ ಹಳದಿ ಬಣ್ಣದ ಗಟ್ಟಿ ಸಿಂಬಳ, ಹುಬ್ಬುಗಳ ನಡುವೆ ಭಾರ, ರಾತ್ರಿಯಿಡೀ ಬಾಯಿಯಿಂದ ಉಸಿರಾಡಿ ಬೆಳಗ್ಗೆ ಒಣಗಿದ ಗಂಟಲಿನೊಂದಿಗೆ ಏಳುವುದು, ಆಮೇಲೆ ಹತ್ತು ದಿನಗಳ ಆಂಟಿಬಯೋಟಿಕ್. ವರ್ಷಕ್ಕೆ ನಾಲ್ಕೈದು ಕೋರ್ಸ್ ಆದದ್ದೂ ಉಂಟು. ಸಿಂಬಳದ ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆ, ಮಾಡಿಸಿದಾಗಲೆಲ್ಲ ರಿಪೋರ್ಟಿನಲ್ಲಿ ಒಂದೇ ಬ್ಯಾಕ್ಟೀರಿಯಾದ ಹೆಸರು: ಸ್ಟಫೈಲೊಕಾಕಸ್ ಆರಿಯಸ್.

ಏಳು ತಿಂಗಳಿಂದ ಡುಪಿಲುಮ್ಯಾಬ್ ಎಂಬ ಬಯೋಲಾಜಿಕ್ (ಉರಿಯೂತದ ಸಂದೇಶಗಳನ್ನು ತಡೆಯುವ ಪ್ರತಿಕಾಯದ ಔಷಧ) ಇಂಜೆಕ್ಷನ್, ಎರಡು ವಾರಕ್ಕೊಮ್ಮೆ 300 ಮಿಲಿಗ್ರಾಂ, ತೆಗೆದುಕೊಳ್ಳುತ್ತಿದ್ದೇನೆ. ಆರು ವರ್ಷಗಳಿಂದ ನನಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಗ್ಯಾಸ್ ಸೋರಿದರೂ ಗೊತ್ತಾಗದು ಎಂಬ ಭಯಕ್ಕೆ ಹೆಂಡತಿ ನನ್ನನ್ನು ಒಬ್ಬನೇ ಅಡುಗೆಮನೆಗೆ ಬಿಡುತ್ತಿರಲಿಲ್ಲ. ಇಂಜೆಕ್ಷನ್ ಶುರುವಾದ ಐದನೆಯ ವಾರ, ಆಫೀಸಿಗೆ ಹೊರಡಲು ಶೂ ಹಾಕಿಕೊಳ್ಳುತ್ತಿದ್ದಾಗ, ಒಳಗಿನಿಂದ ಸಾರಿನ ಒಗ್ಗರಣೆಯ ಇಂಗಿನ ವಾಸನೆ ಬಂತು. ನಾನು ಒಂದು ಶೂ ಹಾಕಿಕೊಂಡೇ ಒಳಗೆ ಹೋಗಿ ಇಂಗಿನ ಡಬ್ಬಿಯನ್ನು ಮೂಗಿಗೆ ಹಿಡಿದು ನಿಂತೆ. ಆ ದಿನ 8.12ರ ಲೋಕಲ್ ತಪ್ಪಿತು.

ಈಗ ನನ್ನ ಪ್ರಶ್ನೆ. ಕಳೆದ ತಿಂಗಳು ಬೇರೊಂದು ಕಾರಣಕ್ಕೆ ನಮ್ಮ ಭಾಗದ ಡಾಕ್ಟರೊಬ್ಬರ ಬಳಿ ಹೋದಾಗ, ಹಳೆಯ ಫೈಲ್ ನೋಡಿ ಅವರು ಪರೀಕ್ಷೆಗಾಗಿ ಮೂಗಿನಿಂದ ಹತ್ತಿಯ ಕಡ್ಡಿಯಲ್ಲಿ ಮಾದರಿ (ಸ್ವಾಬ್) ತೆಗೆಸಿದರು. ರಿಪೋರ್ಟಿನಲ್ಲಿ ಮತ್ತೆ ಸ್ಟಫೈಲೊಕಾಕಸ್ ಆರಿಯಸ್ ಬಂದಿದೆ. ನನಗೆ ತೊಂದರೆಯೇನೂ ಇಲ್ಲ, ಮೂಗು ಬಿಚ್ಚಿದೆ, ಕೀವಿಲ್ಲ. ಆದರೂ ಎರಡು ವಾರ ಆಂಟಿಬಯೋಟಿಕ್ ಬೇಕೇಬೇಕು ಎಂದು ಅವರು ಬರೆದುಕೊಟ್ಟಿದ್ದಾರೆ. ಇಷ್ಟು ಹಣ ಸುರಿದು ಇಂಜೆಕ್ಷನ್ ತೆಗೆದುಕೊಂಡ ಮೇಲೂ ಅದೇ ಬ್ಯಾಕ್ಟೀರಿಯಾ ಉಳಿದಿದೆ ಎಂದರೆ, ಈ ಔಷಧ ನನ್ನ ಕಾಯಿಲೆಯ ಮೂಲವನ್ನು ಮುಟ್ಟಿಯೇ ಇಲ್ಲ ಎಂದು ಅರ್ಥವೇ? ತಿಳಿದವರು ದಯವಿಟ್ಟು ಬರೆಯಿರಿ.

ವಾಸ್ಕೊ ಕನ್ನಡತಿ:

ಅಣ್ಣಾ, ನಿಮ್ಮ ಇಂಗಿನ ಡಬ್ಬಿಯ ಮಾತು ಓದಿ ಕಣ್ಣು ತುಂಬಿತು. ನನ್ನ ತಮ್ಮನಿಗೂ ಇದೇ ಕಾಯಿಲೆ, ಜೊತೆಗೆ ಉಬ್ಬಸ, ಮತ್ತು ನೋವಿನ ಮಾತ್ರೆ ನುಂಗಿದರೆ ಉಸಿರು ಕಟ್ಟುವ ತೊಂದರೆ. ಆ್ಯಸ್ಪಿರಿನ್ ಜಾತಿಯ ಮಾತ್ರೆಗಳನ್ನು ಅವನು ಮುಟ್ಟುವ ಹಾಗಿಲ್ಲ. ಅವನ ಕಲ್ಚರ್ ರಿಪೋರ್ಟುಗಳಲ್ಲೂ ಇದೇ ಹೆಸರು ಬರುತ್ತಿತ್ತು. ಬ್ಯಾಕ್ಟೀರಿಯಾ ಸತ್ತರೆ ಕಾಯಿಲೆ ಹೋಗುತ್ತದೆ ಎಂದೇ ನಾವು ವರ್ಷಗಟ್ಟಲೆ ನಂಬಿದ್ದೆವು. ಪುಣೆಯ ಟೀಚರಮ್ಮ ಈ ಗುಂಪಿನಲ್ಲಿದ್ದಾರಲ್ಲ, ಅವರು ಬರೆದರೆ ಚೆನ್ನಾಗಿರುತ್ತದೆ.

ಪುಣೆ ಕೊಥ್ರೂಡ್:

ನಾನು ಪುಣೆಯಲ್ಲಿ 29 ವರ್ಷ ಸೂಕ್ಷ್ಮಜೀವಿಶಾಸ್ತ್ರದ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಗೆ ಕಲಿಸಿ ನಿವೃತ್ತಳಾದವಳು. ವೈದ್ಯೆಯಲ್ಲ, ಆದ್ದರಿಂದ ಯಾವ ಔಷಧ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವುದಿಲ್ಲ. ಆದರೆ ಒಂದು ಕಲ್ಚರ್ ರಿಪೋರ್ಟ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಖಂಡಿತವಾಗಿ ಹೇಳಬಲ್ಲೆ.

ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬಂದಾಗ ಮೊದಲ ವಾರವೇ ಅವರವರ ಮೂಗಿನಿಂದ ಅವರೇ ಸ್ವಾಬ್ ತೆಗೆದು, ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿಗೆ ಹಚ್ಚುವಂತೆ ಹೇಳುತ್ತಿದ್ದೆ. ಮರುದಿನ ಇನ್‌ಕ್ಯುಬೇಟರಿನಿಂದ ತೆಗೆದಾಗ, ನೆಗಡಿಯೂ ಇಲ್ಲದ, ಗಟ್ಟಿಮುಟ್ಟಾದ ಇಪ್ಪತ್ತರ ಹುಡುಗ ಹುಡುಗಿಯರ ಪ್ಲೇಟುಗಳಲ್ಲಿ ಕೆಲವಾದರೂ ಬಂಗಾರದ ಬಣ್ಣದ ಗುಂಡನೆಯ ಕಾಲೊನಿಗಳಿಂದ ತುಂಬಿರುತ್ತಿದ್ದವು. ಆರಿಯಸ್ ಎಂಬ ಹೆಸರೇ ಆ ಬಂಗಾರದ ಬಣ್ಣದಿಂದ ಬಂದದ್ದು. ಆರೋಗ್ಯವಂತರಲ್ಲಿ ನೂರಕ್ಕೆ 20ರಿಂದ 30 ಮಂದಿ ಈ ಬ್ಯಾಕ್ಟೀರಿಯಾವನ್ನು ಮೂಗಿನಲ್ಲಿ ಹೊತ್ತು ತಿರುಗುತ್ತಾರೆ. ಅದು ಅಲ್ಲಿ ಇದೆ ಎಂಬುದೇ ಕಾಯಿಲೆಯಲ್ಲ. ಡೊಂಬಿವಲಿಯವರ ಸ್ವಾಬ್ ಮೂಗಿನ ಹೊಳ್ಳೆಯ ಮುಂಭಾಗದಿಂದ ತೆಗೆದದ್ದೋ, ಎಂಡೋಸ್ಕೋಪ್ ಹಾಕಿ ಸೈನಸ್ಸಿನ ಬಾಯಿಯಿಂದ ತೆಗೆದದ್ದೋ ಎಂಬುದನ್ನೂ ಕೇಳಬೇಕು. ಎರಡು ಜಾಗಗಳ ಉತ್ತರ ಒಂದೇ ಆಗಿರಬೇಕೆಂದೇನೂ ಇಲ್ಲ.

ಹಾಗೆಂದು ಪಾಲಿಪ್ ಇರುವವರಲ್ಲಿ ಈ ಬ್ಯಾಕ್ಟೀರಿಯಾ ನಿರಪರಾಧಿ ಎಂದೂ ಅಲ್ಲ. ಬೆಲ್ಜಿಯಂನ ಗೆಂಟ್ ನಗರದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಾಲಿಪ್ ಇದ್ದ ರೋಗಿಗಳ ಪೈಕಿ 60 ಶೇಕಡಕ್ಕೂ ಹೆಚ್ಚು ಮಂದಿಯಲ್ಲಿ ಇದು ಸಿಕ್ಕಿತ್ತು, ಪಾಲಿಪ್ ಇಲ್ಲದ ಆರೋಗ್ಯವಂತರಲ್ಲಿ ಸುಮಾರು ಮೂರರಲ್ಲೊಬ್ಬರಲ್ಲಿ ಮಾತ್ರ. ಇದರ ಕೆಲವು ತಳಿಗಳು ಎಂಟರೊಟಾಕ್ಸಿನ್ ಎಂಬ ವಿಷಗಳನ್ನು ಸ್ರವಿಸುತ್ತವೆ. ಸಾಮಾನ್ಯವಾಗಿ ಒಂದು ರೋಗಾಣು ತನಗೆ ಸರಿಹೊಂದುವ ಕೆಲವೇ ರೋಗನಿರೋಧಕ ಕೋಶಗಳನ್ನು ಎಬ್ಬಿಸಿದರೆ, ಈ ವಿಷಗಳು ಟಿ ಕೋಶಗಳ ದೊಡ್ಡ ಪಾಲನ್ನೇ ಒಟ್ಟಿಗೆ ಎಬ್ಬಿಸಿಬಿಡುತ್ತವೆ. ಅದಕ್ಕೇ ಅವುಗಳನ್ನು ಸೂಪರ್ ಆಂಟಿಜನ್ ಎನ್ನುತ್ತಾರೆ. ಎದ್ದ ಕೋಶಗಳು ಇಂಟರ್‌ಲ್ಯೂಕಿನ್ 4, 5, 13 ಎಂಬ ಸಂದೇಶಗಳನ್ನು ಸುರಿಸುತ್ತವೆ, ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಗುಂಪುಗೂಡುತ್ತವೆ, ಪಾಲಿಪ್‌ನೊಳಗೇ ಐಜಿಇ ಎಂಬ ಅಲರ್ಜಿಯ ಪ್ರತಿಕಾಯ ತಯಾರಾಗುತ್ತದೆ, ಆ ಐಜಿಇಯಲ್ಲಿ ಒಂದು ಭಾಗ ಈ ವಿಷಗಳ ವಿರುದ್ಧವೇ ಇರುತ್ತದೆ. ಸಾಲದ್ದಕ್ಕೆ, ಈ ಬ್ಯಾಕ್ಟೀರಿಯಾ ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನೂ ಹೊರಬಿಟ್ಟು ಲೋಳೆಪೊರೆಯ ಕೋಶಗಳಿಂದ ಇಂಟರ್‌ಲ್ಯೂಕಿನ್ 33 ಎಂಬ ಅಪಾಯದ ಸಂದೇಶ ಹೊರಡುವಂತೆ ಮಾಡುತ್ತದೆ.

ಮುಖ್ಯವಾದದ್ದು ಇದರ ಇನ್ನೊಂದು ಮಗ್ಗುಲು. ಇಂಟರ್‌ಲ್ಯೂಕಿನ್ 4 ಮತ್ತು 13 ಮೂಗಿನ ಲೋಳೆಪೊರೆಯನ್ನೇ ಹಾಳುಗೆಡವುತ್ತವೆ. ಕೋಶಕ್ಕೂ ಕೋಶಕ್ಕೂ ನಡುವಿನ ಬಿಗಿಯಾದ ಬೆಸುಗೆ ಸಡಿಲವಾಗುತ್ತದೆ, ಸಿಂಬಳ ಸುರಿಸುವ ಕೋಶಗಳು ಹೆಚ್ಚಾಗಿ ಅದನ್ನು ಗುಡಿಸಿ ಹೊರಹಾಕುವ ಕೂದಲಿನಂಥ ಸಿಲಿಯಾಗಳ ಕೆಲಸ ಕುಂಠಿತವಾಗುತ್ತದೆ. ಪಾಲಿಪ್‌ನ ಒಳಗಿರುವ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ಈ ಬ್ಯಾಕ್ಟೀರಿಯಾವನ್ನು ನುಂಗುವುದರಲ್ಲಿ ಹಿಂದೆ ಬೀಳುತ್ತವೆ. ಹೀಗೆ ಬ್ಯಾಕ್ಟೀರಿಯಾ ಉರಿಯೂತವನ್ನು ಹೆಚ್ಚಿಸುತ್ತದೆ, ಉರಿಯೂತ ಬ್ಯಾಕ್ಟೀರಿಯಾಕ್ಕೆ ಮನೆ ಕಟ್ಟಿಕೊಡುತ್ತದೆ.

ಮುಂಬಯಿಯಲ್ಲಿರುವವರಿಗೆ ಇದು ಸುಲಭವಾಗಿ ಅರ್ಥವಾಗಬೇಕು. ಮೇಲಿನ ಮನೆಯ ಬಚ್ಚಲಿನಿಂದ ನೀರು ಜಿನುಗಿ ನಮ್ಮ ಗೋಡೆಗೆ ಬೂಷ್ಟು ಹಿಡಿದರೆ, ಬೂಷ್ಟನ್ನು ಬ್ಲೀಚ್ ಹಾಕಿ ಉಜ್ಜಿದ್ದು ಹದಿನೈದು ದಿನ ತಡೆಯುತ್ತದೆ. ಜಿನುಗುವುದು ನಿಂತರೆ ಗೋಡೆ ಒಣಗುತ್ತದೆ, ಬೂಷ್ಟು ತಾನಾಗಿ ಕಡಿಮೆಯಾಗುತ್ತದೆ, ಆದರೆ ಒಂದೇ ದಿನಕ್ಕಲ್ಲ, ಪೂರ್ತಿಯಾಗಿಯೂ ಅಲ್ಲ. ಆಂಟಿಬಯೋಟಿಕ್ ಬ್ಲೀಚಿನ ಜಾಗದಲ್ಲಿದೆ. ಡುಪಿಲುಮ್ಯಾಬ್ ಜಿನುಗುವುದನ್ನು ನಿಲ್ಲಿಸುವ ಕಡೆಗಿದೆ. ಇಂಟರ್‌ಲ್ಯೂಕಿನ್ 4 ಮತ್ತು 13 ಎರಡೂ ಬಂದು ಕೂರುವ, ಕೋಶದ ಮೇಲಿನ ಒಂದೇ ಗ್ರಾಹಕವನ್ನು (ರಿಸೆಪ್ಟರ್) ಅದು ಮುಚ್ಚುತ್ತದೆ. ಅದು ಬ್ಯಾಕ್ಟೀರಿಯಾವನ್ನು ಮುಟ್ಟುವುದೇ ಇಲ್ಲ. ಪ್ಲೇಟಿನ ಮೇಲೆ ಸುರಿದರೂ ಒಂದು ಕಾಲೊನಿಯೂ ಸಾಯುವುದಿಲ್ಲ.

ಹಾಗಾದರೆ ಬ್ಯಾಕ್ಟೀರಿಯಾ ಬದಲಾಗುತ್ತದೆಯೇ? ಇದಕ್ಕೆ ಅತ್ಯಂತ ಸ್ಪಷ್ಟವಾದ ಉತ್ತರ ಸಿಕ್ಕಿರುವುದು ಮೂಗಿನಿಂದಲ್ಲ, ಚರ್ಮದಿಂದ. ಅಟೊಪಿಕ್ ಡರ್ಮಟೈಟಿಸ್ ಎಂಬ ತುರಿಕೆಯ ಚರ್ಮರೋಗದಲ್ಲೂ ಇದೇ ಬ್ಯಾಕ್ಟೀರಿಯಾ, ಇದೇ ಇಂಟರ್‌ಲ್ಯೂಕಿನ್‌ಗಳು, ಇದೇ ಇಂಜೆಕ್ಷನ್. 54 ರೋಗಿಗಳ ಮೇಲೆ 16 ವಾರ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡುಪಿಲುಮ್ಯಾಬ್ ಪಡೆದವರ ಚರ್ಮದ ಮೇಲೆ ಸ್ಟಫೈಲೊಕಾಕಸ್ ಆರಿಯಸ್ ಇಳಿದು, ಬೇರೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು. 2023ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಈ ಇಳಿತ ಮೂರನೆಯ ದಿನದ ಹೊತ್ತಿಗೇ ಕಾಣಿಸಿಕೊಂಡಿತ್ತು. ಯಾವ ಆಂಟಿಬಯೋಟಿಕ್ಕೂ ಇಲ್ಲದೆ ಇದು ನಡೆಯಿತು ಎಂಬುದು ನನ್ನಂಥವಳಿಗೆ, ಜೀವನವಿಡೀ ಬ್ಯಾಕ್ಟೀರಿಯಾ ಕೊಲ್ಲುವ ಮಾತನ್ನೇ ಕಲಿಸಿದವಳಿಗೆ, ತುಂಬ ದೊಡ್ಡ ಸಂಗತಿ. ಬ್ಯಾಕ್ಟೀರಿಯಾವನ್ನು ಮುಟ್ಟದೆ ಅದು ನೆಲೆಸುವ ಜಾಗವನ್ನು ಸರಿಪಡಿಸಿದರೆ ಸಾಕು, ಅದರ ಸಂಖ್ಯೆ ತಾನಾಗಿ ಇಳಿಯುತ್ತದೆ.

ಮೂಗಿನ ವಿಷಯವನ್ನು ವೈದ್ಯರೇ ಬರೆಯಲಿ.

ಡೊಂಬಿವಲಿ ಪೂರ್ವ:

ಟೀಚರ್, ಇಷ್ಟು ಬಿಡಿಸಿ ಯಾರೂ ನನಗೆ ಹೇಳಿರಲಿಲ್ಲ. ಸ್ವಾಬ್ ತೆಗೆದದ್ದು ಹೊಳ್ಳೆಯ ಮುಂಭಾಗದಿಂದಲೇ, ಕಂಪೌಂಡರ್ ಕುರ್ಚಿಯಲ್ಲಿ ಕೂರಿಸಿ ಹತ್ತಿಯ ಕಡ್ಡಿ ಆಡಿಸಿ ಕಳುಹಿಸಿದ್ದು. ಇನ್ನೊಂದು ಭಯ ಇದೆ. ಈ ಇಂಜೆಕ್ಷನ್ ರೋಗನಿರೋಧಕ ಶಕ್ತಿಯ ಒಂದು ಭಾಗವನ್ನೇ ತಡೆಯುತ್ತದೆ ಎಂದಾದರೆ, ಬ್ಯಾಕ್ಟೀರಿಯಾ ಇನ್ನಷ್ಟು ಹೆಚ್ಚಾಗಬಾರದೇಕೆ? ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದಾಗ ಸೋಂಕು ತಗಲದಂತೆ ಜೋಪಾನ ಎಂದು ಎಲ್ಲರೂ ಎಚ್ಚರಿಸುತ್ತಿದ್ದರು.

ಮಡಗಾಂವ್ ಇ.ಎನ್.ಟಿ.:

ಗೋವೆಯಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯನಾಗಿದ್ದೇನೆ, ಊರು ಅಂಕೋಲೆ. ರೋಗಿಯನ್ನು ನೋಡದೆ ಚಿಕಿತ್ಸೆ ಹೇಳುವುದು ತಪ್ಪು, ಆದ್ದರಿಂದ ಡೊಂಬಿವಲಿಯವರ ವಿಷಯದ ಕೊನೆಯ ಮಾತು ಅವರ ಇ.ಎನ್.ಟಿ. ವೈದ್ಯರದ್ದೇ. ಸಾಮಾನ್ಯವಾಗಿ ಅನ್ವಯಿಸುವುದನ್ನು ಮಾತ್ರ ಬರೆಯುತ್ತೇನೆ.

ಸ್ಟೀರಾಯ್ಡ್ ಮಾತ್ರೆಗೂ ಈ ಇಂಜೆಕ್ಷನ್‌ಗೂ ಇರುವ ವ್ಯತ್ಯಾಸ ದೊಡ್ಡದು. ಸ್ಟೀರಾಯ್ಡ್ ರೋಗನಿರೋಧಕ ವ್ಯವಸ್ಥೆಯ ಬಹುತೇಕ ಎಲ್ಲ ಕೈಗಳನ್ನೂ ಕಟ್ಟುತ್ತದೆ. ಡುಪಿಲುಮ್ಯಾಬ್ ಟೈಪ್ 2 ಎಂಬ ಒಂದೇ ಕೈಯನ್ನು, ಅಂದರೆ ಟೀಚರ್ ಹೇಳಿದ ಇಂಟರ್‌ಲ್ಯೂಕಿನ್‌ಗಳ ದಾರಿಯನ್ನು, ಹಿಡಿಯುತ್ತದೆ. ಬ್ಯಾಕ್ಟೀರಿಯಾಗಳ ಮೇಲೆ ಬೀಳುವ ಮುಖ್ಯ ಸೈನ್ಯ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳದ್ದು, ಅವು ಈ ದಾರಿಯ ಮೇಲೆ ಅವಲಂಬಿಸಿಲ್ಲ. ಟೈಪ್ 2 ವ್ಯವಸ್ಥೆ ಪ್ರಕೃತಿಯಲ್ಲಿ ಇರುವುದು ಮುಖ್ಯವಾಗಿ ಹುಳುಗಳ ವಿರುದ್ಧ, ಅದಕ್ಕಾಗಿಯೇ ಈ ಔಷಧ ಶುರು ಮಾಡುವ ಮೊದಲು ಹೊಟ್ಟೆಹುಳುವಿನ ಸೋಂಕು ಇದ್ದರೆ ಚಿಕಿತ್ಸೆ ಮಾಡಿಸಿಕೊಳ್ಳಬೇಕು. ನಮ್ಮ ದೇಶದಲ್ಲಿ ಈ ಮಾತನ್ನು ಹಗುರವಾಗಿ ಬಿಡಬಾರದು. ಪಾಲಿಪ್ ರೋಗಿಗಳ ಮೇಲೆ ನಡೆದ ಎರಡು ದೊಡ್ಡ ಪ್ರಯೋಗಗಳು, 276 ರೋಗಿಗಳ ಸೈನಸ್-24 ಮತ್ತು 448 ರೋಗಿಗಳ ಸೈನಸ್-52, ಎರಡೂ 2019ರಲ್ಲಿ ಪ್ರಕಟವಾದವು. ಅವುಗಳಲ್ಲಿ ಪಾಲಿಪ್ ಕುಗ್ಗಿತು, ಉಸಿರಾಟ ಸರಾಗವಾಯಿತು, ಸಿ.ಟಿ. ಸ್ಕ್ಯಾನ್‌ನಲ್ಲಿ ಸೈನಸ್‌ಗಳು ತಿಳಿಯಾದವು, ವಾಸನೆ ಮರಳಿತು. ಬ್ಯಾಕ್ಟೀರಿಯಾದ ಸೋಂಕು ಹೆಚ್ಚಿದ್ದು ಕಂಡುಬರಲಿಲ್ಲ. ರಕ್ತದಲ್ಲಿ ಇಯೋಸಿನೊಫಿಲ್ ಸಂಖ್ಯೆ ಮೊದಲ ತಿಂಗಳುಗಳಲ್ಲಿ ಕೆಲವರಲ್ಲಿ ಏರುತ್ತದೆ, ಅದನ್ನು ಸೋಂಕು ಎಂದು ತಿಳಿಯಬಾರದು.

ಇನ್ನು ಮೂಗಿನ ಬ್ಯಾಕ್ಟೀರಿಯಾ. ಪಾಲಿಪ್ ರೋಗಿಗಳಲ್ಲಿ ಇಂಜೆಕ್ಷನ್‌ಗೆ ಮೊದಲು, ಆಮೇಲೆ ಎಂದು ಸ್ವಾಬ್ ತೆಗೆದು, ಅದರಲ್ಲಿರುವ ಎಲ್ಲ ಬ್ಯಾಕ್ಟೀರಿಯಾಗಳ ಡಿಎನ್‌ಎ ಓದಿ ಹೋಲಿಸಿದ ಅಧ್ಯಯನಗಳು ಬಂದಿವೆ. ಅವೆಲ್ಲ ಚಿಕ್ಕವು, ಒಂದೊಂದರಲ್ಲಿ ಕೆಲವೇ ಹತ್ತು ರೋಗಿಗಳು, ಹಾಗಾಗಿ ಚರ್ಮದ ವಿಷಯದಲ್ಲಿ ಸಿಕ್ಕಷ್ಟು ಸ್ಪಷ್ಟ ಉತ್ತರವನ್ನು ಅವುಗಳಿಂದ ಹೇಳಲಾರೆ. ಇವುಗಳನ್ನು ಓದುವಾಗ ಒಂದು ಎಚ್ಚರ ಬೇಕು. ಡಿಎನ್‌ಎ ವಿಧಾನ ಸತ್ತ ಬ್ಯಾಕ್ಟೀರಿಯಾವನ್ನೂ ಎಣಿಸುತ್ತದೆ, ಮತ್ತು ಪಾಲು ಎಷ್ಟು ಎಂದು ಹೇಳುತ್ತದೆಯೇ ಹೊರತು ಒಟ್ಟು ಸಂಖ್ಯೆಯನ್ನು ತಾನಾಗಿ ಹೇಳುವುದಿಲ್ಲ. ಕಲ್ಚರ್ ಇದಕ್ಕೆ ವಿರುದ್ಧವಾದ ದೋಷ ಉಳ್ಳದ್ದು: ಪ್ಲೇಟಿನಲ್ಲಿ ಚೆನ್ನಾಗಿ ಬೆಳೆಯುವ ಸ್ಟಫೈಲೊಕಾಕಸ್ ಎದ್ದು ಕಾಣುತ್ತದೆ, ನಿಧಾನವಾಗಿ ಬೆಳೆಯುವ ಸಾಧು ನಿವಾಸಿಗಳಾದ ಕೊರಿನೆಬ್ಯಾಕ್ಟೀರಿಯಂ, ಕ್ಯೂಟಿಬ್ಯಾಕ್ಟೀರಿಯಂ ಮುಂತಾದವು ಹಿಂದೆ ಉಳಿಯುತ್ತವೆ. ಏಳು ತಿಂಗಳ ಹಿಂದೆ ನೂರರಲ್ಲಿ ತೊಂಬತ್ತು ಪಾಲು ಇದ್ದ ಬ್ಯಾಕ್ಟೀರಿಯಾ ಈಗ ಹತ್ತು ಪಾಲಿಗೆ ಇಳಿದಿದ್ದರೂ ಸಾಮಾನ್ಯ ಕಲ್ಚರ್ ರಿಪೋರ್ಟಿನಲ್ಲಿ ಅದೇ ಹೆಸರು, ಅದೇ ಅಕ್ಷರಗಳಲ್ಲಿ ಅಚ್ಚಾಗಿ ಬರಬಹುದು. ಆದ್ದರಿಂದ ಆ ರಿಪೋರ್ಟ್ ಹಿಡಿದುಕೊಂಡು ಇಂಜೆಕ್ಷನ್ ಸೋತಿದೆ ಎನ್ನುವಂತಿಲ್ಲ.

ಬ್ಯಾಕ್ಟೀರಿಯಾವನ್ನೇ ಗುರಿಯಾಗಿಸಿದರೆ ಏನಾಗುತ್ತದೆ ಎಂದೂ ಪರೀಕ್ಷಿಸಿದ್ದಾರೆ. 2010ರಲ್ಲಿ ಪ್ರಕಟವಾದ, 47 ರೋಗಿಗಳ ಪ್ರಯೋಗವೊಂದರಲ್ಲಿ ಕೆಲವರಿಗೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಕೆಲವರಿಗೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್, ಉಳಿದವರಿಗೆ ಔಷಧವಿಲ್ಲದ ಮಾತ್ರೆ, ಎಲ್ಲರಿಗೂ 20 ದಿನ. ಸ್ಟೀರಾಯ್ಡ್ ಪಡೆದವರ ಪಾಲಿಪ್ ಬೇಗ ಕುಗ್ಗಿ ಬೇಗ ಮರಳಿತು. ಡಾಕ್ಸಿಸೈಕ್ಲಿನ್ ಪಡೆದವರಲ್ಲಿ ಕುಗ್ಗಿದ್ದು ಸ್ವಲ್ಪವೇ, ಆದರೆ 12 ವಾರದವರೆಗೆ ಉಳಿಯಿತು. ಡಾಕ್ಸಿಸೈಕ್ಲಿನ್‌ಗೆ ಬ್ಯಾಕ್ಟೀರಿಯಾ ಕೊಲ್ಲುವುದರ ಜೊತೆಗೆ ಉರಿಯೂತ ತಗ್ಗಿಸುವ ಗುಣವೂ ಇದೆ, ಹಾಗಾಗಿ ಆ ಫಲ ಯಾವುದರಿಂದ ಬಂತೆಂದು ಬೇರ್ಪಡಿಸುವುದು ಕಷ್ಟ. ಮೂಗನ್ನು ಮುಪಿರೊಸಿನ್ ಎಂಬ ಆಂಟಿಬಯೋಟಿಕ್ ಬೆರೆಸಿದ ನೀರಿನಿಂದ ತೊಳೆದರೆ ಸ್ಟಫೈಲೊಕಾಕಸ್ ಮಾಯವಾಗುತ್ತದೆ, ನಿಲ್ಲಿಸಿದ ಮೇಲೆ ಅನೇಕರಲ್ಲಿ ಮರಳುತ್ತದೆ. ಅದು ಲೋಳೆಯ ಹೊದಿಕೆ ಕಟ್ಟಿಕೊಂಡು, ಬಯೊಫಿಲ್ಮ್ ಎಂಬ ರೂಪದಲ್ಲಿ ಅಡಗಿರುತ್ತದೆ, ಕೋಶಗಳ ಒಳಗೂ ನುಸುಳಿರುತ್ತದೆ. ವರ್ಷಕ್ಕೆ ನಾಲ್ಕೈದು ಕೋರ್ಸ್ ತೆಗೆದುಕೊಂಡ ಡೊಂಬಿವಲಿಯವರಿಗೆ ಅದು ಸ್ವಂತ ಅನುಭವದಿಂದಲೇ ಗೊತ್ತು.

ಆಂಟಿಬಯೋಟಿಕ್ ಬೇಡವೇ ಬೇಡ ಎನ್ನುತ್ತಿಲ್ಲ. ಎಂಡೋಸ್ಕೋಪಿಯಲ್ಲಿ ಸೈನಸ್ಸಿನ ಬಾಯಿಂದ ಕೀವು ಇಳಿಯುವುದು ಕಂಡರೆ, ಜ್ವರ, ಒಂದು ಪಕ್ಕದ ತೀವ್ರ ನೋವು ಬಂದರೆ ಬೇಕಾಗುತ್ತದೆ, ಇಂಜೆಕ್ಷನ್ ನಡೆಯುತ್ತಿದ್ದರೂ ಬೇಕಾಗುತ್ತದೆ. ಕಣ್ಣಿನ ಸುತ್ತ ಊತ, ಎರಡೆರಡಾಗಿ ಕಾಣುವುದು, ತಡೆಯಲಾರದ ತಲೆನೋವು ಬಂದರೆ ಯಾರ ಉತ್ತರಕ್ಕೂ ಕಾಯದೆ ನೇರ ಆಸ್ಪತ್ರೆಗೆ ಹೋಗಬೇಕು. ಕಾಗದದ ಮೇಲಿನ ಹೆಸರಿಗೆ ಮಾತ್ರ ಆಂಟಿಬಯೋಟಿಕ್ ಕೊಡುವುದನ್ನು ನಾನು ಒಪ್ಪುವುದಿಲ್ಲ. ಪ್ರತಿ ಕೋರ್ಸ್ ಆ ಸಾಧು ನಿವಾಸಿಗಳನ್ನು ಮೊದಲು ಕೊಲ್ಲುತ್ತದೆ, ಮತ್ತು ಉಳಿದ ಸ್ಟಫೈಲೊಕಾಕಸ್‌ಗೆ ಔಷಧವನ್ನು ಸೋಲಿಸುವ ಪಾಠ ಕಲಿಸುತ್ತದೆ.

ಮಾಟುಂಗಾ ಮಗಳು:

ನಮ್ಮ ಅಮ್ಮನಿಗೆ 63 ವರ್ಷ, ಉಬ್ಬಸ ಮತ್ತು ಪಾಲಿಪ್ ಎರಡೂ ಇವೆ, ಅವರಿಗೆ ಮೆಪೊಲಿಜುಮ್ಯಾಬ್ ನಾಲ್ಕು ವಾರಕ್ಕೊಮ್ಮೆ 100 ಮಿಲಿಗ್ರಾಂ ನಡೆಯುತ್ತಿದೆ. ಔಷಧವನ್ನು ದಾದರಿನ ಅಂಗಡಿಯಿಂದ ಐಸ್ ಪ್ಯಾಕ್ ಇಟ್ಟ ಥರ್ಮಾಕೋಲ್ ಡಬ್ಬಿಯಲ್ಲಿ ತರುತ್ತೇನೆ, ರೈಲಿನ ನೂಕುನುಗ್ಗಲಿನಲ್ಲಿ ಡಬ್ಬಿಯನ್ನು ಎದೆಗವಚಿಕೊಂಡು ನಿಲ್ಲುತ್ತೇನೆ. ಎರಡು ಪ್ರಶ್ನೆ ಕೇಳುವುದಿದೆ. ಬ್ಯಾಕ್ಟೀರಿಯಾದ ವಿಷಯದಲ್ಲಿ ಈ ಇಂಜೆಕ್ಷನ್‌ಗೂ ನೀವು ಹೇಳಿದ ಮಾತುಗಳೇ ಅನ್ವಯಿಸುತ್ತವೆಯೇ? ಅಮ್ಮ ದಿನಾ ಉಪ್ಪುನೀರಿನಲ್ಲಿ ಮೂಗು ತೊಳೆಯುತ್ತಿದ್ದರು, ಇಷ್ಟು ದುಬಾರಿ ಇಂಜೆಕ್ಷನ್ ಇರುವಾಗ ಅದೇಕೆ ಎಂದು ಈಗ ಬಿಟ್ಟಿದ್ದಾರೆ. ಬಿಡಬಹುದೇ?

ಮಡಗಾಂವ್ ಇ.ಎನ್.ಟಿ.:

ಮೆಪೊಲಿಜುಮ್ಯಾಬ್ ಇಂಟರ್‌ಲ್ಯೂಕಿನ್ 5ನ್ನು ತಡೆದು ಇಯೋಸಿನೊಫಿಲ್‌ಗಳನ್ನು ಇಳಿಸುತ್ತದೆ. 407 ರೋಗಿಗಳ ಸಿನಾಪ್ಸ್ ಪ್ರಯೋಗದಲ್ಲಿ ಅದರಿಂದ ಪಾಲಿಪ್ ಕುಗ್ಗಿದ್ದು 2021ರಲ್ಲಿ ಪ್ರಕಟವಾಯಿತು. ಒಮಾಲಿಜುಮ್ಯಾಬ್ ಎಂಬ ಮೂರನೆಯ ಬಯೋಲಾಜಿಕ್ ಐಜಿಇಯನ್ನು ಹಿಡಿಯುತ್ತದೆ, ಪಾಲಿಪ್‌ನಲ್ಲಿ ಸ್ಟಫೈಲೊಕಾಕಸ್‌ನ ವಿಷಗಳ ವಿರುದ್ಧ ಹುಟ್ಟಿದ ಐಜಿಇಯೂ ಅದರಲ್ಲಿ ಸೇರುತ್ತದೆ. ಅಂದರೆ ಬ್ಯಾಕ್ಟೀರಿಯಾ ಎಬ್ಬಿಸುವ ಗದ್ದಲವನ್ನು ಮೂರೂ ಔಷಧಗಳು ಬೇರೆ ಬೇರೆ ಮೆಟ್ಟಿಲಿನಲ್ಲಿ ತಡೆಯುತ್ತವೆ. ಆದರೆ ಲೋಳೆಪೊರೆಯ ಬೆಸುಗೆಯನ್ನು ಸಡಿಲಿಸುವ 4 ಮತ್ತು 13ರ ಮೇಲೆ ನೇರವಾಗಿ ಕೈ ಹಾಕುವುದು ಡುಪಿಲುಮ್ಯಾಬ್ ಒಂದೇ. ಹಾಗಾಗಿ ಚರ್ಮದಲ್ಲಿ ಕಂಡ ಫಲವನ್ನು ಉಳಿದೆರಡಕ್ಕೆ ಹಾಗೆಯೇ ಎತ್ತಿ ಅನ್ವಯಿಸಬಾರದು. ಇದು ತಾಯಿಯವರ ಔಷಧ ಕಡಿಮೆಯದು ಎಂಬ ಅರ್ಥದಲ್ಲಿ ಅಲ್ಲ. ಉಬ್ಬಸ ಜೊತೆಗಿದ್ದಾಗ ಅದನ್ನು ಆಯ್ದುಕೊಳ್ಳಲು ಒಳ್ಳೆಯ ಕಾರಣಗಳಿರುತ್ತವೆ.

ಮೂಗು ತೊಳೆಯುವುದನ್ನು ಬಿಡಬಾರದು, ಮೂಗಿನ ಸ್ಟೀರಾಯ್ಡ್ ಸ್ಪ್ರೇಯನ್ನೂ ಬಿಡಬಾರದು. ಆ ದೊಡ್ಡ ಪ್ರಯೋಗಗಳಲ್ಲಿ ಇಂಜೆಕ್ಷನ್ ಪಡೆದವರೆಲ್ಲ ಸ್ಪ್ರೇ ಹಾಕಿಕೊಳ್ಳುತ್ತಲೇ ಇದ್ದರು. ನಾವು ನೋಡುತ್ತಿರುವ ಫಲ ಎರಡೂ ಸೇರಿದ್ದರ ಫಲ.

ಪುಣೆ ಕೊಥ್ರೂಡ್:

ತೊಳೆಯುವ ನೀರಿನ ಬಗ್ಗೆ ನನಗೆ ಹೇಳಲೇಬೇಕಾದ ಮಾತಿದೆ. ನೆರೆಮನೆಯ ಹುಡುಗಿಯೊಬ್ಬಳು ಮೂಗು ತೊಳೆಯುವ ತನ್ನ ಪ್ಲಾಸ್ಟಿಕ್ ಬಾಟಲಿಯನ್ನು ನನಗೆ ತೋರಿಸಿದ್ದಳು. ಹೊರಗಿನಿಂದ ಸ್ವಚ್ಛ. ಮುಚ್ಚಳ ತಿರುಗಿಸಿ ಒಳಗಿನ ಸಣ್ಣ ಕೊಳವೆಯನ್ನು ಎಳೆದು ತೆಗೆದು ಬೆಳಕಿಗೆ ಹಿಡಿದರೆ, ಕೊಳವೆಯ ಬುಡದಲ್ಲಿ ಬೆರಳಿಗೆ ಜಾರುವ ತೆಳು ಪೊರೆ. ಅಂಥ ಪೊರೆ ಬ್ಯಾಕ್ಟೀರಿಯಾ ಕಟ್ಟಿಕೊಂಡ ಮನೆಯೇ ಆಗಿರುತ್ತದೆ. ರೋಗಿಗಳ ಬಾಟಲಿಗಳನ್ನು ಪರೀಕ್ಷಿಸಿದವರಿಗೆ ಅವುಗಳಲ್ಲಿ ಸ್ಟಫೈಲೊಕಾಕಸ್ ಮತ್ತು ಸ್ಯೂಡೊಮೊನಾಸ್ ಸಿಕ್ಕಿದ್ದುಂಟು. ಲೋಳೆಪೊರೆಯನ್ನು ಸರಿಪಡಿಸಲು ಇಷ್ಟು ದೊಡ್ಡ ಔಷಧ ತೆಗೆದುಕೊಳ್ಳುತ್ತ, ಅದೇ ಲೋಳೆಪೊರೆಗೆ ದಿನಕ್ಕೆರಡು ಸಲ ಹೊಸ ಬ್ಯಾಕ್ಟೀರಿಯಾ ಹಾಕಿಕೊಳ್ಳುವುದು ಆಗಬಾರದು.

ನಲ್ಲಿಯ ನೀರನ್ನು ನೇರವಾಗಿ ಬಳಸಬೇಡಿ, ಫಿಲ್ಟರಿನ ನೀರನ್ನೂ ಕುದಿಸಿ. ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಕುದಿಯಲಿ, ಮುಚ್ಚಿಟ್ಟು ಉಗುರುಬೆಚ್ಚಗೆ ಮಾಡಿ ಬಳಸಿ. ಲೀಟರಿಗೆ 9 ಗ್ರಾಂ ಉಪ್ಪು ನಮ್ಮ ರಕ್ತದ ಉಪ್ಪಿನಂಶಕ್ಕೆ ಹೊಂದುತ್ತದೆ, ಉರಿಯುವುದಿಲ್ಲ. ಬ್ಯಾಕ್ಟೀರಿಯಾ ಅಷ್ಟೇ ಅಲ್ಲ, ನೆಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹೋದರೆ ಬದುಕುಳಿಯುವವರು ಬಹಳ ವಿರಳ. ಜಲನೇತಿ ಮಾಡುವವರಿಗೂ ಇದೇ ಮಾತು. ಬಾಟಲಿಯನ್ನು ಪ್ರತಿ ಸಲ ಬಿಚ್ಚಿ ತೊಳೆದು, ಬಾಯಿ ತೆರೆದು ಬೋರಲು ಹಾಕಿ ಒಣಗಿಸಿ. ಮಳೆಗಾಲದಲ್ಲಿ ಮುಂಬಯಿಯಲ್ಲಿ ಏನೂ ಒಣಗುವುದಿಲ್ಲ ಎಂಬುದು ನನಗೆ ಗೊತ್ತು, ಎರಡು ಬಾಟಲಿ ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸಿ, ಹಳೆಯದಾದರೆ ಎಸೆಯಿರಿ.

ಠಾಣೆ ಘೋಡಬಂದರ್:

ನಮಗೆ ಮುಖ್ಯವಾದದ್ದು ಖರ್ಚು. ಲೋಳೆಪೊರೆ ಸರಿಯಾಗಿ, ಬ್ಯಾಕ್ಟೀರಿಯಾ ಕಡಿಮೆಯಾಗಿ, ಒಳ್ಳೆಯ ಬ್ಯಾಕ್ಟೀರಿಯಾಗಳು ನೆಲೆಸಿದ ಮೇಲೆ ಇಂಜೆಕ್ಷನ್ ನಿಲ್ಲಿಸಬಹುದಲ್ಲವೇ? ಟೀಚರ್ ಹೇಳಿದ ಗೋಡೆ ಒಣಗಿದ ಮೇಲೆ ಮತ್ತೇಕೆ ಬೂಷ್ಟು ಬರಬೇಕು?

ಮಡಗಾಂವ್ ಇ.ಎನ್.ಟಿ.:

ಒಳ್ಳೆಯ ಪ್ರಶ್ನೆ, ಉತ್ತರ ಮಾತ್ರ ಎಲ್ಲರೂ ಬಯಸುವಂಥದ್ದಲ್ಲ. ಸೈನಸ್-24 ಪ್ರಯೋಗದಲ್ಲಿ 24 ವಾರದ ನಂತರ ಇಂಜೆಕ್ಷನ್ ನಿಲ್ಲಿಸಿ ನೋಡಿದರು. ನಂತರದ ತಿಂಗಳುಗಳಲ್ಲಿ ಪಾಲಿಪ್ ಮತ್ತೆ ಬೆಳೆಯತೊಡಗಿತು, ಮೂಗು ಮತ್ತೆ ಕಟ್ಟತೊಡಗಿತು. ಜಿನುಗುವ ಪೈಪು ಒಡೆದೇ ಇದೆ, ಔಷಧ ಅದರ ವಾಲ್ವ್ ಮುಚ್ಚಿ ಹಿಡಿದಿದೆ, ಅಷ್ಟೇ. ಬ್ಯಾಕ್ಟೀರಿಯಾ ಬದಲಾದದ್ದರಿಂದಲೇ ಕಾಯಿಲೆ ಹೋಗಿದ್ದರೆ, ನಿಲ್ಲಿಸಿದ ಮೇಲೂ ಗುಣ ಉಳಿಯಬೇಕಿತ್ತು. ಉಳಿಯಲಿಲ್ಲ. ಬ್ಯಾಕ್ಟೀರಿಯಾದಲ್ಲಿ ಬದಲಾವಣೆ ಆದರೆ ಅದು ಮೂಗು ಸುಧಾರಿಸಿದ್ದರ ಫಲವೇ ಹೊರತು ಕಾರಣವಲ್ಲ ಎಂದು ನಾನು ನಂಬುವುದಕ್ಕೆ ಇದೂ ಒಂದು ಕಾರಣ.

ಖರ್ಚಿನ ವಿಷಯದಲ್ಲಿ ಪೂರ್ತಿ ನಿರಾಶರಾಗಬೇಡಿ. ಸೈನಸ್-52ರಲ್ಲಿ ಒಂದು ಗುಂಪಿಗೆ ಮೊದಲ 24 ವಾರ ಎರಡು ವಾರಕ್ಕೊಮ್ಮೆ, ಆಮೇಲೆ ನಾಲ್ಕು ವಾರಕ್ಕೊಮ್ಮೆ ಕೊಟ್ಟರು, ಅವರಲ್ಲೂ ಒಳ್ಳೆಯ ಫಲ ಉಳಿಯಿತು. ಚೆನ್ನಾಗಿ ಸ್ಪಂದಿಸಿದವರಲ್ಲಿ ಅಂತರ ಹೆಚ್ಚಿಸುವ ಬಗ್ಗೆ ನಿಮ್ಮ ವೈದ್ಯರೊಂದಿಗೆ ಮಾತನಾಡಬಹುದು. ಆದರೆ ಅದನ್ನು ನಿರ್ಧರಿಸುವುದು ಎಂಡೋಸ್ಕೋಪಿ, ವಾಸನೆ, ಉಸಿರು, ಉಬ್ಬಸದ ಸ್ಥಿತಿ ನೋಡಿ. ಕಲ್ಚರ್ ನೋಡಿ ಅಲ್ಲ.

ಎಲ್ಲರಿಗೂ ಈ ಇಂಜೆಕ್ಷನ್ ಬೇಕಾಗಿಯೂ ಇಲ್ಲ ಎಂಬುದನ್ನು ಸೇರಿಸುತ್ತೇನೆ. ಯುರೋಪಿನ 2020ರ ಮಾರ್ಗಸೂಚಿಯ ಪ್ರಕಾರ, ಎರಡೂ ಪಕ್ಕ ಪಾಲಿಪ್ ಇದ್ದು ಆಪರೇಷನ್ ಆದವರಲ್ಲಿ ಐದು ಲಕ್ಷಣಗಳ ಪೈಕಿ ಮೂರಾದರೂ ಇರಬೇಕು: ಟೈಪ್ 2 ಉರಿಯೂತದ ಪುರಾವೆ, ವರ್ಷಕ್ಕೆ ಎರಡಾದರೂ ಸ್ಟೀರಾಯ್ಡ್ ಕೋರ್ಸ್‌ನ ಅಗತ್ಯ, ಬದುಕು ದುಸ್ತರವಾಗುವಷ್ಟು ತೊಂದರೆ, ವಾಸನೆ ಬಹಳವಾಗಿ ಕುಂದಿರುವುದು, ಜೊತೆಗೆ ಉಬ್ಬಸ. ಕಲ್ಚರಿನಲ್ಲಿ ಯಾವ ಬ್ಯಾಕ್ಟೀರಿಯಾ ಬಂತು ಎಂಬುದು ಈ ಐದರಲ್ಲಿ ಎಲ್ಲಿಯೂ ಇಲ್ಲ. ಇನ್ನು ನಮ್ಮ ದೇಶದಲ್ಲಿ ಅಲರ್ಜಿಕ್ ಫಂಗಲ್ ಸೈನಸೈಟಿಸ್, ಅಂದರೆ ಶಿಲೀಂಧ್ರದ ಅಲರ್ಜಿಯಿಂದ ಬರುವ ಸೈನಸೈಟಿಸ್, ಕಡಿಮೆಯೇನಲ್ಲ. ಅದೂ ಪಾಲಿಪ್ ಆಗಿಯೇ ಕಾಣಿಸುತ್ತದೆ, ಅಂಟಿನಂಥ ಗಟ್ಟಿ ಕೆಸರು ಸೈನಸ್ಸಿನಲ್ಲಿ ತುಂಬಿರುತ್ತದೆ. ಅದನ್ನು ಸಿ.ಟಿ. ಸ್ಕ್ಯಾನ್‌ನಲ್ಲಿ ಗುರುತಿಸಿ, ಮೊದಲು ಆಪರೇಷನ್ ಮಾಡಿ ಬಳಿದು ತೆಗೆಯಬೇಕಾಗುತ್ತದೆ.

ಡೊಂಬಿವಲಿ ಪೂರ್ವ:

ನಿನ್ನೆ ನನ್ನ ಇ.ಎನ್.ಟಿ. ಡಾಕ್ಟರ ಬಳಿ ಹೋಗಿ ಬಂದೆ. ಇಲ್ಲಿ ಬರೆದದ್ದರಲ್ಲಿ ನನಗೆ ಅರ್ಥವಾದಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ, ಅವರು ತಾಳ್ಮೆಯಿಂದ ಒಂದೊಂದಕ್ಕೂ ಉತ್ತರ ಕೊಟ್ಟರು. ಎಂಡೋಸ್ಕೋಪ್ ಹಾಕಿ ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಕಳೆದ ವರ್ಷ ಅದೇ ಪರದೆಯಲ್ಲಿ ಸುಲಿದ ದ್ರಾಕ್ಷಿಯ ಗೊಂಚಲಿನಂತೆ ಬೂದುಬಣ್ಣದ ಪಾಲಿಪ್‌ಗಳು ದಾರಿಯನ್ನೇ ಮುಚ್ಚಿದ್ದವು, ನಡುವೆ ಹಳದಿ ಕೀವು ಎಳೆಎಳೆಯಾಗಿ ಇಳಿದಿತ್ತು. ನಿನ್ನೆ ಎಡಗಡೆ ಏನೂ ಇರಲಿಲ್ಲ, ತಿಳಿಗುಲಾಬಿ ಗೋಡೆ, ಅದರ ಮೇಲೆ ನೀರಿನಂಥ ತೆಳು ತೇವ. ಬಲಗಡೆ ಮೇಲ್ತುದಿಯಲ್ಲಿ ಕಡಲೆಬೇಳೆಯಷ್ಟು ಒಂದು ಪಾಲಿಪ್ ಉಳಿದಿದೆ. ಕೀವು ಎಲ್ಲಿಯೂ ಇಲ್ಲ.

ಆಂಟಿಬಯೋಟಿಕ್ ಬೇಡ ಎಂದರು. ಆ ಕಲ್ಚರ್ ರಿಪೋರ್ಟನ್ನು ಫೈಲಿಗೆ ಸೇರಿಸಿ, ಅದರ ಮೇಲೆ ಹೊಳ್ಳೆಯ ಮುಂಭಾಗದ ಸ್ವಾಬ್, ಲಕ್ಷಣಗಳಿಲ್ಲ ಎಂದು ಬರೆದು ಸಹಿ ಹಾಕಿದರು. ಮುಂದೆ ಯಾವ ಡಾಕ್ಟರ ಕೈಗೆ ಈ ಫೈಲ್ ಹೋದರೂ ಅದು ಕಣ್ಣಿಗೆ ಬೀಳಲಿ ಎಂದರು. ತೊಂದರೆಯಿಲ್ಲದಿದ್ದಾಗ ಸ್ವಾಬ್ ತೆಗೆಸಬೇಡಿ, ತೊಂದರೆ ಬಂದರೆ ಎಂಡೋಸ್ಕೋಪ್ ಹಾಕಿ ನಾನೇ ತೆಗೆಯುತ್ತೇನೆ ಎಂದರು. ಅಂತರ ಹೆಚ್ಚಿಸುವ ಮಾತನ್ನು ವರ್ಷ ತುಂಬಿದ ಮೇಲೆ, ಇನ್ನೊಂದು ಮಳೆಗಾಲ ಕಳೆದು ನೋಡೋಣ ಎಂದು ಇಟ್ಟುಕೊಂಡಿದ್ದಾರೆ. ಹೊಟ್ಟೆಹುಳುವಿನ ಚಿಕಿತ್ಸೆ ಇಂಜೆಕ್ಷನ್‌ಗೆ ಮೊದಲೇ ಆಗಿತ್ತು, ಅದನ್ನೂ ಫೈಲಿನಲ್ಲಿ ತೋರಿಸಿದರು.

ಟೀಚರ್, ಮನೆಗೆ ಬಂದವನೇ ಬಾಟಲಿಯ ಕೊಳವೆಯನ್ನು ಎಳೆದು ನೋಡಿದೆ. ನೀವು ಹೇಳಿದ ಪೊರೆ ನನ್ನ ಬಾಟಲಿಯಲ್ಲೂ ಇತ್ತು. ಎಸೆದು ಎರಡು ಹೊಸದು ತಂದಿದ್ದೇನೆ, ಒಂದರ ಮೇಲೆ ಸೋಮ, ಬುಧ, ಶುಕ್ರ ಎಂದು ಹೆಂಡತಿ ಬರೆದಿಟ್ಟಿದ್ದಾಳೆ. ಮಾಟುಂಗಾದ ತಂಗಿ, ನಿಮ್ಮ ತಾಯಿಯವರ ಬಾಟಲಿಯನ್ನೂ ಇವತ್ತೇ ಬಿಚ್ಚಿ ನೋಡಿ.